ಮಗ್ಗದ ಕೋಣೆಯ ಬೈಠಕ್

"ಇನ್ನ ಮುಂದ ನಾ ಮೈದಾನದಾಗ ಹಾಡು ಕೇಳಿದ್ರ, ನನ್ನ ಕಿವಿ ಕೊಯ್ದು ಇದ ಬಸ್ಸಿಗೆ ತೂಗಹಾಕ್ರಿ!"

ಇಳಕಲ್ಲಿನ ಸೀರೆ ವ್ಯಾಪಾರಿ ಶ್ರೀಶೈಲ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಬಾಗಲಕೋಟೆಯ ಸಂಗೀತೋತ್ಸವದಿಂದ ಮರಳುವ ಬಸ್ಸಿನಲ್ಲಿ. ಕಂಡಕ್ಟರ್ ಬೆಚ್ಚಿ ಹಿಂದೆ ಸರಿದ. ಹೆಂಡತಿ ಸುನಂದಾ, ಈ ಮನುಷ್ಯ ತನಗೆ ಪರಿಚಯವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡಿದಳು.

"ಅಷ್ಟು ದೂರದಿಂದ ಹಾಡಾಂವ ಜ್ವಾಳದ ಕಾಳಿನಷ್ಟು ಕಂಡ. ಪರದೆ ಮ್ಯಾಲೆ ನೋಡಿದ್ರ ಅವನ ಮೂಗು ಎತ್ತಿನಗಾಡಿಯಷ್ಟು!"

"ಕುಣಿಯೂದೇನು ಬಿಡ್ಲಿಲ್ಲಲ್ರಿ ನೀವೂ?"

"ನಾ ಎಲ್ಲಿ ಕುಣದೆ? ಆ ಸ್ಪೀಕರ್ ನನ್ನ ಕುಣಿಸ್ತು!"

ಶ್ರೀಶೈಲನಿಗೆ ಹಾಡೆಂದರೆ ಗುರುಲಿಂಗವ್ವ. ಅವನು ಚಿಕ್ಕವನಿದ್ದಾಗ ಮನೆಯಲ್ಲಿ ಕುಣಿಮಗ್ಗವಿತ್ತು. ಅಪ್ಪ ಕುಣಿಯೊಳಗೆ ಕಾಲಿಳಿಸಿ ನೇಯುತ್ತಿದ್ದ. ಪಕ್ಕದಲ್ಲಿ, ಕೂಲಿಗೆ ಬರುತ್ತಿದ್ದ ಗುರುಲಿಂಗವ್ವ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತ ತತ್ವಪದ ಹಾಡುತ್ತಿದ್ದಳು. ಮಗ್ಗದ ಸದ್ದೇ ತಾಳ. ಹುಡುಗ ಅವಳ ಮೊಣಕಾಲಿಗೆ ಒರಗಿ, ಬಣ್ಣದ ನೂಲಿನ ವಾಸನೆಯಲ್ಲಿ ಕಣ್ಣು ಮುಚ್ಚುತ್ತಿದ್ದ. ಸಾಲು ಮುಗಿದು ಇನ್ನೊಂದು ಸಾಲು ಹುಟ್ಟುವ ಮುಂಚೆ ಅವಳು ಎಳೆದುಕೊಳ್ಳುವ ಉಸಿರು ಕೂಡ ಕೇಳುತ್ತಿತ್ತು. ಆ ಉಸಿರು ಇನ್ನೊಮ್ಮೆ ಕೇಳಬೇಕು! ಅಷ್ಟೇ ಅವನ ಆಸೆ. ಗುರುಲಿಂಗವ್ವನಿಗೆ ಈಗ ವಯಸ್ಸಾಗಿತ್ತು. ಹುನಗುಂದದಲ್ಲಿ ಮಗಳ ಮನೆಯಲ್ಲಿದ್ದಳು. ತಡ ಮಾಡುವಂತಿರಲಿಲ್ಲ. ಅಲ್ಲಿಗೇ ಹೋಗಿ, ಮನೆಗೆ ಬಂದು ಹಾಡಬೇಕೆಂದು ಕರೆದ.

"ಮೈಕು ಗೀಕು ಬ್ಯಾಡೋ ತಮ್ಮಾ," ಅಂದಳು ಮುದುಕಿ.

"ಎಲ್ಲಿ ಮೈಕ್ ಯವ್ವಾ? ನಮ್ಮ ಮಗ್ಗದ ಕೋಣಿ, ನಾಕು ಮಂದಿ. ಅಷ್ಟ!"

ಸೀರೆಯ ಗಂಟುಗಳು ತುಂಬಿದ್ದ ಮಗ್ಗದ ಕೋಣೆಯನ್ನು ಶ್ರೀಶೈಲ ತಾನೇ ಖಾಲಿ ಮಾಡಿ, ಸಾರಿಸಿ, ಜಮಖಾನೆ ಹಾಸಿದ. ಆಮೇಲೆ ಪಕ್ಕದ ಮನೆಯ ಕಾಶಪ್ಪನನ್ನು ಕರೆಯಹೋದ. ಅಲ್ಲೇ ಸಾಮ್ರಾಜ್ಯ ಕುಸಿಯಿತು! ನಮ್ಮ ಕಡೆ ಒಬ್ಬನನ್ನೇ ಕರೆದರೆ ಅದು ಕರೆಯಲ್ಲ, ಅವಮಾನ. ನಾಲಗೆ ತಾನಾಗಿ "ಮನಿಮಂದಿ ಎಲ್ಲಾ ಬರ್ರಿ" ಅಂದಿತು. ಕಾಶಪ್ಪನ ಮನೆಮಂದಿಯೆಂದರೆ ಮೂವರು ತಮ್ಮಂದಿರು ಮತ್ತು ಶಿರೂರಿನ ಬೀಗರ ಇಡೀ ಓಣಿ. ಅವರನ್ನು ಕರೆದ ಮೇಲೆ ಎದುರುಮನೆ ಬೋರವ್ವನನ್ನು ಬಿಡುವುದು ಹೇಗೆ? ಬಂದವರನ್ನು ರೊಟ್ಟಿ ಊಟವಿಲ್ಲದೆ ಕಳಿಸುವುದು ಹೇಗೆ? ಬೈಠಕ್ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ ಇಳಿಯಿತು. ಬೀದಿಗೆ ಪೆಂಡಾಲ್ ಬಂತು. ಪೆಂಡಾಲಿಗೆ ಮೈಕ್ ಬಂತು.

"ಹಿಂದ ಕುಂತವರಿಗೆ ಆಯಿ ಕಾಣಂಗಿಲ್ಲಲೇ," ಅಂದ ಕಾಶಪ್ಪ, "ಒಂದು ಪರದೆ ಕಟ್ಟಸು!"

"ಗೇಟಿಗೆ ಪೊಲೀಸರನ್ನ ಯಾವಾಗ ನಿಲ್ಲಸ್ತೀರಿ?" ಅಂದಳು ಸುನಂದಾ.

ಗುರುಲಿಂಗವ್ವ ಮಧ್ಯಾಹ್ನವೇ ಬಂದಳು. ಪೆಂಡಾಲು ನೋಡಿದಳು, ಏಣಿ ಮೇಲಿದ್ದ ಶ್ರೀಶೈಲನನ್ನು ನೋಡಿದಳು, ಸೀದಾ ಒಳಗೆ ಅಡುಗೆಮನೆಗೆ ಹೋದಳು. ಸಂಜೆ ಅವಳನ್ನು ಕರೆತಂದು ಮದುವೆಯ ಸೋಫಾದ ಮೇಲೆ ಕೂರಿಸಿ, ಶಾಲು ಹೊದಿಸಿ, ಮುಖದ ಮುಂದೆ ಮೈಕ್ ಹಿಡಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಪರದೆಯ ಗಳ ಅಲುಗಿತು. ಶ್ರೀಶೈಲ ಹಿಂದಕ್ಕೋಡಿ ಗಳವನ್ನು ತಬ್ಬಿ ನಿಂತ. ಅಲ್ಲಿಂದ ಅವನಿಗೆ ಕಂಡದ್ದು ಪರದೆಯ ಬೆನ್ನು, ಅದರಲ್ಲಿ ಎಡಬಲ ತಿರುವುಮುರುವಾದ ಗುರುಲಿಂಗವ್ವ! ಅವಳು ತೊಡೆಯ ಮೇಲಿನ ಖಾಲಿ ಕೈಗಳನ್ನೇ ನೋಡುತ್ತ ಒಂದು ಪದ ಎತ್ತಿಕೊಂಡಳು. ಸ್ವರ ತಡವರಿಸಿತು. ಮೈಕ್ ಕಿರ್ರೆಂದಿತು. ಒಂದೇ ಪದಕ್ಕೆ ಕೈಮುಗಿದು ಎದ್ದಳು. ಜನ ಭರ್ಜರಿ ಚಪ್ಪಾಳೆ ತಟ್ಟಿ ಊಟದ ಕಡೆ ನುಗ್ಗಿದರು.

ಜೋತುಬಿದ್ದ ಮುಖ ಹೊತ್ತು ಶ್ರೀಶೈಲ ಅಡುಗೆಮನೆಗೆ ಬಂದ. ಗುರುಲಿಂಗವ್ವ ಒಲೆಯ ಪಕ್ಕ ಕುಳಿತಿದ್ದಳು. ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಬೆಳಗುತ್ತಿತ್ತು.

"ಏನಾತು?"

"ಮಧ್ಯಾಹ್ನದಿಂದ ಅವ್ವಾರು ಇಲ್ಲೇ ರೊಟ್ಟಿ ಬಡಕೋತ ಹಾಡಿದ್ರು. ಒಂದಾದ ಮ್ಯಾಲೆ ಒಂದು. ಏನ ಹೇಳ್ಲಿ! ಉಸಿರು ತಗೊಂಡದ್ದೂ ಕೇಳಸ್ತಿತ್ರಿ."

ಶ್ರೀಶೈಲನ ಎದೆಗೆ ಒನಕೆಯಿಂದ ಕುಟ್ಟಿದಂತಾಯಿತು. "ನನ್ನ ಯಾಕ ಕರೀಲಿಲ್ಲ?"

"ಕರದ್ನೆಲ್ರಿ! 'ಸುಮ್ನಿರ, ಇಲ್ಲೆ ಸಂಗೀತದ ಕೆಲಸ ನಡದೈತಿ' ಅಂತ ಏಣಿ ಮ್ಯಾಲಿಂದ ಒದರಿದ್ರಿ!"

ಗುರುಲಿಂಗವ್ವ ನಕ್ಕಳು. "ಖಾಲಿ ಕೈಲೆ ಕುಂಡ್ರಸಿದ್ರ ನನಗ ಹಾಡು ಬರಂಗಿಲ್ಲೋ ತಮ್ಮಾ. ಕೈಗೆ ಕೆಲಸ ಬೇಕು. ನಾಳೆ ಹುನಗುಂದಕ್ಕ ಬಾ, ಒಂದು ಚೀಲ ಶೇಂಗಾ ಸುಲಿಯೂದೈತಿ. ಇಬ್ಬರೂ ಸುಲಿಯೂಣು. ಹಾಡು ತಾನ ಬರ್ತೈತಿ."

ಶ್ರೀಶೈಲನ ಕಣ್ಣು ತುಂಬಿತು, ಎದೆ ಉಬ್ಬಿತು.

"ಬಂದ ಬರ್ತೇನಿ ಯವ್ವಾ! ನಮ್ಮ ಕಾಶಪ್ಪನ ಮನಿಮಂದಿನೂ..."

ಜೋಳದ ಹಿಟ್ಟು ಮೆತ್ತಿದ ಅಂಗೈ ಅವನ ಬಾಯಿ ಮೇಲೆ ಛಟ್ಟನೆ ಕೂತಿತು.

"ಇವರೊಬ್ಬರ ಬರ್ತಾರ್ರಿ ಅವ್ವಾ," ಎಂದಳು ಸುನಂದಾ.