ಪಕ್ಕದ ಮನೆಯ ಬೆಟ್ಟಗಳು

ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಕಣ್ಣು ಕಾಣಿಸುವುದಿಲ್ಲವೆಂದೇ ನಾನು ಬಹಳ ದಿನ ನಂಬಿದ್ದೆ. ಇಲ್ಲದಿದ್ದರೆ, ಈ ಪರದೇಶದ ಎಡಿಸನ್ ಊರಿನ ನಮ್ಮ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು, ಎದುರಿನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟನ್ನೇ ದಿಟ್ಟಿಸುತ್ತ, ಕ್ಯಾನ್ವಾಸಿನ ಮೇಲೆ ಹಿಮದ ಬೆಟ್ಟ ಬರೆಯುವವರನ್ನು ಏನೆಂದು ತಿಳಿಯಬೇಕು?

ಒಂದು ದಿನ ಕೇಳಿಯೇ ಬಿಟ್ಟೆ. "ಬೆಟ್ಟ ಎಲ್ಲಿದೆ ಅಂಕಲ್?"

"ಆಸ್ಟ್ರಿಯಾದಲ್ಲಿ, ನಮ್ಮೂರಲ್ಲಿ," ಎಂದರು, ನನಗೇ ಕಣ್ಣು ಕಾಣಿಸದೇನೋ ಎಂಬಂತೆ.

"ಮತ್ತೆ ಪಾರ್ಕಿಂಗ್ ಲಾಟ್ ಯಾಕೆ ನೋಡ್ತೀರಿ?"

"ಅಲ್ಲಿ ನೋಡುವಂಥದ್ದು ಏನೂ ಇಲ್ಲವಲ್ಲ. ಅದಕ್ಕೇ ಬೆಟ್ಟ ಚೆನ್ನಾಗಿ ಕಾಣುತ್ತೆ."

ಅರ್ಥವಾಯಿತೆ? ಇಲ್ಲ. ಆದರೂ ತಲೆಯಾಡಿಸಿ ಒಳಗೆ ಬಂದೆ.

ಅಂಕಲ್ ಹರೆಯದಲ್ಲೇ ಹೆಂಡತಿಯೊಂದಿಗೆ ಇಲ್ಲಿಗೆ ಬಂದವರಂತೆ. ಬೆಟ್ಟಗಳನ್ನು ಕೊಳ್ಳುವವರು ಸಿಗದೆ, ಮನೆಗಳಿಗೆ ಬಣ್ಣ ಬಳಿದು ಸಂಸಾರ ಸಾಗಿಸಿದರಂತೆ. ಇದು ತಿಳಿದದ್ದೇ ತಡ, ನಮ್ಮ ಗರಾಜಿನ ಬಾಗಿಲಿಗೆ ಬಿಳಿ ಬಣ್ಣ ಹಚ್ಚಿಕೊಡಿ ಎಂದು ಕೇಳಿಕೊಂಡೆ. ಸಂಜೆ ಆಫೀಸಿನಿಂದ ಬಂದು ನೋಡಿದರೆ, ಬಾಗಿಲ ತುಂಬ ಬೆಟ್ಟ! ಕಾರನ್ನು ಎಲ್ಲಿಗೆ ನುಗ್ಗಿಸಬೇಕೆಂದೇ ತೋಚಲಿಲ್ಲ.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ರೀ, ಅವರಿಗೆ ಏನು ಹೇಳಿದ್ರಿ?"

"ಬಿಳಿ ಹಚ್ಚಿ ಅಂದೆ ಕಣೆ."

ಅಂಕಲ್‌ರನ್ನೇ ಕೇಳಿದೆ. "ಹಿಮ ಬಿಳಿಯಲ್ಲವೆ?" ಎಂದರು.

ವಾರದೊಳಗೆ ಬಡಾವಣೆಯ ಅಸೋಸಿಯೇಷನ್‌ನವರಿಂದ ನೋಟಿಸ್ ಬಂತು. ಅನುಮತಿ ಪಡೆಯದೆ ಬೆಟ್ಟ ಇಟ್ಟುಕೊಂಡಿದ್ದೀರಿ ಎಂಬುದು ಅದರ ಸಾರಾಂಶ. ಕೊನೆಗೆ ಅಂಕಲ್‌ರ ಹೆಂಡತಿಯೇ ಬಿಳಿ ಬಣ್ಣದ ರೋಲರ್ ಹಿಡಿದು ಬಂದು, ಗಂಡನನ್ನು ಜರ್ಮನ್‌ನಲ್ಲಿ ಬೈಯುತ್ತ ಇಡೀ ಬೆಟ್ಟವನ್ನು ಅಳಿಸಿದರು. ಭಾಷೆ ಬಾರದ ನಮಗೂ ಒಂದೊಂದು ಬೈಗುಳವೂ ಪೂರ್ತಿ ಅರ್ಥವಾಯಿತು.

ಕಳೆದ ಮಾರ್ಚಿನಲ್ಲಿ ಆಕೆ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ನಾವಿಬ್ಬರೂ ಅನ್ನ ಸಾರು ತೆಗೆದುಕೊಂಡು ಹೋದೆವು. ಅಂಕಲ್ ಅಡುಗೆಮನೆಯಲ್ಲಿ ಕ್ಯಾನ್ವಾಸಿನ ಮುಂದೆ ಕುಳಿತಿದ್ದರು. ಅದರಲ್ಲಿ ಬೆಟ್ಟವಿರಲಿಲ್ಲ. ಒಂದು ಮುಖದ ಅಂಚು ಮಾತ್ರ ಇತ್ತು.

"ನನ್ನನ್ನೂ ಒಂದು ಸಲ ಬರಿ ಅಂತ ಕೇಳ್ತಾನೇ ಇದ್ದಳು. ನೀನು ಎದುರಿಗೇ ಇದ್ದೀಯಲ್ಲ, ಆಮೇಲೆ ಬರೆದರಾಯ್ತು ಅಂತಿದ್ದೆ," ಎಂದರು. "ಫೋಟೋಗಳಲ್ಲೆಲ್ಲ ಹ್ಯಾಟ್ ಹಾಕಿಕೊಂಡಿದ್ದಾಳೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅವಳ ಬೈತಲೆ ಯಾವ ಕಡೆ ಇತ್ತು?"

ಹನ್ನೆರಡು ವರ್ಷ ದಿನವೂ ಆಕೆಗೆ ಕೈಬೀಸಿದ ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಸಾರಿನ ಡಬ್ಬಿ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಅವರೆದುರು ಕುಳಿತಳು. ತನ್ನ ನಡುಬೈತಲೆಯನ್ನು ಬೆರಳಿನಿಂದ ಕೆದರಿ, ಕೂದಲನ್ನು ಎಡಗಡೆಯಿಂದ ಬೇರ್ಪಡಿಸಿ ತೋರಿಸಿದಳು.

"ಹೀಗೆ, ಅಂಕಲ್."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕುಂಚ ಕೈಗೆತ್ತಿಕೊಂಡರು.