ಗುಡದಪ್ಪನ ರಿಜಿಸ್ಟರ್ ಮದುವೆ

ಮದುವೆ ಮುರಿಯಬೇಕಾದರೆ ಮೊದಲು ಮದುವೆ ಆಗಿದೆಯೆಂದು ತೋರಿಸಬೇಕು. ಇದು ಬ್ಯಾಡಗಿಯ ರೇಡಿಯೋ ರಿಪೇರಿ ಗುಡದಪ್ಪನಿಗೆ ಗೊತ್ತಿರಲಿಲ್ಲ. ಅವನ ಬಳಿ ಮದುವೆಯ ಒಂದೇ ಒಂದು ಫೋಟೋ ಇದ್ದಿದ್ದರೂ ಮುಂದಿನ ಫಜೀತಿ ಆಗುತ್ತಿರಲಿಲ್ಲ.

ಟೀವಿ ಊರಿನ ನಾಲ್ಕಾರು ಮನೆಗಳಲ್ಲಿ ಮಾತ್ರ ಇದ್ದ ಕಾಲ ಅದು. ಸಂಜೆ ಮೆಣಸಿನಕಾಯಿ ಪೇಟೆಯಲ್ಲಿ ನಡೆದು ಹೊರಟರೆ ಒಂದು ಅಂಗಡಿಯಲ್ಲಿ ಕೇಳಿದ ವಾರ್ತೆಯ ಅರ್ಧ ವಾಕ್ಯ ಮುಂದಿನ ಅಂಗಡಿಯಲ್ಲಿ ಪೂರ್ತಿಯಾಗುತ್ತಿತ್ತು. ನಡುವೆ ಸೀನು ಬಂದರೆ ಮಾತ್ರ ಒಂದೆರಡು ಶಬ್ದ ತಪ್ಪುತ್ತಿದ್ದವು. ಅಂಥ ಊರಿನಲ್ಲಿ ರೇಡಿಯೋ ರಿಪೇರಿಯವನಿಗೆ ಕೆಲಸಕ್ಕೆ ಬರವಿರಲಿಲ್ಲ. ಗುಡದಪ್ಪ ಮನೆಯಲ್ಲೇ ರೇಡಿಯೋ ಬಿಚ್ಚಿಕೊಂಡು ಕೂರುತ್ತಿದ್ದ. ಹೆಂಡತಿ ಉಡಚವ್ವ ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. ಇಬ್ಬರಿಗೂ ಬೆಳಕು ಬೇಕು, ಮನೆಗೆ ಇದ್ದದ್ದು ಒಂದೇ ಕಿಟಕಿ.

ಹನ್ನೆರಡು ವರ್ಷ ಇಬ್ಬರೂ ಆ ಕಿಟಕಿಗಾಗಿ ಜಗಳಾಡಿದರು. ಒಂದು ದಿನ ಅವನು ಹೊಲಿಗೆ ಮಷಿನ್ನನ್ನು ಅಡಿಗೆಮನೆಗೆ ಸರಿಸಿದ. ಮರುದಿನ ಅವಳು ಮಷಿನ್ ಸಮೇತ ಹಾವೇರಿ ಕಡೆಯ ಕರ್ಜಗಿಯ ತವರಿಗೆ ಹೋದಳು. ಕರೆಯಲು ಇವನು ಹೋಗಲಿಲ್ಲ, ಬರುತ್ತೇನೆಂದು ಅವಳು ಹೇಳಲಿಲ್ಲ. ಎರಡು ವರ್ಷ ಹೀಗೇ ಕಳೆದ ಮೇಲೆ, ವಿಚ್ಛೇದನದ ಸೋಡಚೀಟಿ ಬರೆಸಿ ಇದಕ್ಕೊಂದು ಕೊನೆ ಕಾಣಿಸಬೇಕೆಂದು ಇಬ್ಬರೂ ರಾಣೇಬೆನ್ನೂರಿನ ಗುರುರಾಜ ವಕೀಲರ ಮುಂದೆ ಕೂತರು.

ರಾಜಿ ಸಲೀಸಾಗಿಯೇ ಆಯಿತು. ಮನೆ ಗುಡದಪ್ಪನಿಗೆ. ಮಷಿನ್ನು, ತಾಮ್ರದ ಹಂಡೆ, ಮೈಮೇಲಿನ ಬಂಗಾರ ಉಡಚವ್ವನಿಗೆ. ತಿಂಗಳ ತಿಂಗಳ ಜೀವನಾಂಶವೆಂದು ಎಳೆಯದೆ, ಬೇರೆಯಾದ ದಿನ ಒಂದೇ ಗಂಟು ಕೊಟ್ಟು ಮುಗಿಸುವುದು. ಗುಡದಪ್ಪ ಮೊದಲೇ ಅಂಜುಬುರುಕ. ಯಾರದಾದರೂ ರೇಡಿಯೋದ ಒಂದು ಸ್ಕ್ರೂ ಉಳಿದರೂ ರಾತ್ರಿ ನಿದ್ದೆ ಬಾರದ ಮನುಷ್ಯ. ಯಾರ ಋಣವೂ ಇಲ್ಲದೆ ತನ್ನ ಮನೆಯಲ್ಲಿ ತಾನು ನಿಶ್ಚಿಂತೆಯಿಂದ ಕೂರಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

"ಎಲ್ಲಾ ಛಲೋ ಆತು. ಮದುವಿ ಆಗೇದ ಅನ್ನಾಕ ಪುರಾವಾ ಏನದ?" ಎಂದರು ವಕೀಲರು.

ಗುಡದಪ್ಪ ಯೋಚಿಸಿದ. ಹಾವೇರಿಯಿಂದ ಬಂದ ಫೋಟೋಗ್ರಾಫರ್ ದಿನವಿಡೀ ಫ್ಲ್ಯಾಶ್ ಹೊಡೆದು, ಗೋಧಿ ಹುಗ್ಗಿ ಉಂಡು ಹೋಗಿ, ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲವೆಂದು ವಾರದ ಮೇಲೆ ಹೇಳಿಕಳಿಸಿದ್ದ. ಲಗ್ನಪತ್ರಿಕೆ ಅಚ್ಚು ಹಾಕಿಸಿರಲಿಲ್ಲ, ಮನೆಮನೆಗೆ ಅಕ್ಷತೆ ಕೊಟ್ಟು ಕರೆದಿದ್ದರು. ಮದುವೆ ಮಾಡಿಸಿದ ಅಯ್ಯನವರು ತೀರಿಕೊಂಡಿದ್ದರು.

"ಏನೂ ಇಲ್ರಿ."

"ಗಡಿಗಿನೇ ಇಲ್ಲದ ಒಡೀ ಅಂದ್ರ ಕೋರ್ಟು ಏನ ಒಡದೀತು? ಮೊದಲ ಮದುವಿ ರಿಜಿಸ್ಟರ್ ಮಾಡಸ್ರಿ. ಕಾಗದ ಕೈಗೆ ಬಂದ ದಿನಾನ ಸೋಡಚೀಟಿ ಅರ್ಜಿ ಹಾಕೂಣು."

ರಿಜಿಸ್ಟರ್ ಮಾಡಬೇಕಾದರೆ ತಿಂಗಳ ಮುಂಚೆ ಕಚೇರಿಯ ಬೋರ್ಡಿಗೆ ನೋಟೀಸು ಅಂಟಿಸುತ್ತಾರೆ. ರಾಣೇಬೆನ್ನೂರಿನ ಬೋರ್ಡನ್ನು ಬ್ಯಾಡಗಿಯವರು ಯಾರು ನೋಡುತ್ತಾರೆಂದು ಗುಡದಪ್ಪ ಧೈರ್ಯವಾಗಿದ್ದ. ಎದುರು ಮನೆಯ ಕಾಶೀಬಾಯಿ ತಮ್ಮನ ಹೊಲದ ಕೆಲಸಕ್ಕೆಂದು ಅದೇ ಕಚೇರಿಗೆ ಹೋಗಿದ್ದರು.

"ಏನೋ ಗುಡದಪ್ಪಾ, ಎರಡನೇ ಮದುವಿ ಅಂತಲ್ಲೋ."

"ಇಲ್ರಿ ಅಕ್ಕಾರ. ಉಡಚವ್ವನ್ನ."

"ಇದ್ದಾಕಿನ್ನ ಯಾಕ ಮತ್ತ ಆಗ್ತೀ?"

"ಬಿಡಾಕ್ರಿ."

"ಬಿಡಾಕ ಮದುವಿ ಆಗೂದು ನಾ ಕೇಳಿದ್ದಿಲ್ಲ ಬಿಡಪಾ. ಯಾವತ್ತದ ಹೇಳು, ನಾನೂ ಬರ್ತೀನಿ."

ಮೂರು ಸಾಕ್ಷಿ ಹೇಗೂ ಬೇಕಿತ್ತು. ಕಾಶೀಬಾಯಿ ಒಬ್ಬರಾದರು. ಗಳಗನಾಥದ ಸಂಗಮದ ಗುಡಿಯಲ್ಲಿ ಆಗಿದ್ದ ಇವರ ಮದುವೆಗೆ ಮೈಕ್ ಸೆಟ್ ತಂದಿದ್ದ ಶಮಶೇರಸಾಬ, ಬಸ್‌ಸ್ಟ್ಯಾಂಡಿನ ಹೂವಿನ ಅಂಜಿನಪ್ಪ ಉಳಿದಿಬ್ಬರು. "ಸುಮ್ಮನ ಬಂದು ಸಹಿ ಮಾಡಿ ಹೋಗ್ರಿ, ಗದ್ದಲ ಬ್ಯಾಡ," ಎಂದು ಗುಡದಪ್ಪ ಮೂವರಿಗೂ ಕೈಮುಗಿದು ಹೇಳಿದ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ನೋಡಿದರೆ ಕಾಶೀಬಾಯಿ ಇಳಕಲ್ ಸೀರೆ ಉಟ್ಟು, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂಜಿನಪ್ಪನ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಎರಡು ಮಾಲೆ.

"ಇವ್ಯಾಕೋ ಮಾರಾಯಾ?"

"ರಿಜಿಸ್ಟರ್ ಮದುವಿ ಅಂದಮ್ಯಾಲ ಮಾಲಿ ಇಲ್ಲಂದ್ರ ಹೆಂಗ? ನಾ ಹೂವಿನಾಂವ, ಬರಿಗೈಲೆ ಬಂದ್ರ ಮಂದಿ ನನಗ ಉಗಳ್ತಾರ."

ಶಮಶೇರಸಾಬ ಮಾತ್ರ ಬರಿಗೈಯಲ್ಲಿ ಬಂದಿದ್ದ. ಆದರೆ ಬಸ್ಸು ಮೋಟೆಬೆನ್ನೂರು ಮುಟ್ಟುವುದರೊಳಗೆ ಕಂಡಕ್ಟರನಿಗೂ ಹಿಂದಿನ ಸೀಟಿನವರಿಗೂ ಇದು ಮದುವೆಯ ದಿಬ್ಬಣವೆಂದು ತಿಳಿಸಿಬಿಟ್ಟಿದ್ದ. ಅಜ್ಜಿಯೊಬ್ಬಳು ಎದ್ದು ಬಂದು ಗುಡದಪ್ಪನ ಗಲ್ಲ ಹಿಡಿದು, "ವಯಸ್ಸಾದ್ರೂ ಅಡ್ಡಿಯಿಲ್ಲ ತಮ್ಮಾ, ಆತಲ್ಲ," ಎಂದು ಸಮಾಧಾನ ಹೇಳಿದಳು. ಗುಡದಪ್ಪ ನೆನೆದ ಕೋಳಿಯಂತೆ ಕುಗ್ಗಿ ಕೂತ.

ಉಡಚವ್ವ ಹಾವೇರಿ ಕಡೆಯಿಂದ ಬಂದು ಕಚೇರಿಯ ಬೆಂಚಿನ ಆ ತುದಿಗೆ ಕೂತಿದ್ದಳು. ಗುಡದಪ್ಪ ಈ ತುದಿಗೆ ಕೂತ. ನಡುವೆ ಎಮ್ಮೆ ಮಲಗುವಷ್ಟು ಜಾಗವಿತ್ತು. ಎರಡು ವರ್ಷದಿಂದ ಅವರಿಬ್ಬರು ಮಾತಾಡುವುದಿದ್ದರೆ ಮೂರನೆಯವರ ಮೂಲಕ.

"ಮದುವಿ ಯಾವಾಗ ಆಗೇತಿ?" ಅಧಿಕಾರಿ ಕನ್ನಡಕ ಏರಿಸಿ ಕೇಳಿದರು.

"ಹೊಳಿ ಬಂದ ವರ್ಷರಿ," ಎಂದ ಗುಡದಪ್ಪ.

"ಹೊಳಿ ವರ್ಷಾ ಬರತೈತಿ."

ಉಡಚವ್ವ ಗೋಡೆ ನೋಡುತ್ತ ಹೇಳಿದಳು, "ಕಾಶಕ್ಕಾ, ಅವರಿಗೆ ಹೇಳ್ರಿ. ಹೊಳಿ ಬಂದದ್ದು ಮದುವಿ ಮರುವರ್ಷ. ನಮ್ಮದು ಆದದ್ದು ಬ್ಯಾಸಗ್ಯಾಗ. ಸಂಗಮದಾಗ ನೀರು ಮೊಣಕಾಲಮಟ ಇತ್ತು. ಬೀಗರೆಲ್ಲಾ ಸೀರಿ ಎತಿಗೊಂಡು ದಾಟಿ ಬಂದಿದ್ರು."

"ಹೌದ್ ಹೌದು," ಶಮಶೇರಸಾಬ ಮುಂದೆ ಸರಿದ. "ನನ್ನ ಮೈಕು ಕೆಟ್ಟು ಬಂದ್ ಆತಲ್ಲ, ಅವತ್ತು."

"ಅಕ್ಷತಾ ಹೊತ್ತಿಗೆ ಮೈಕು ಬಂದ್," ಕಾಶೀಬಾಯಿ ಅಧಿಕಾರಿಯ ಕಡೆ ತಿರುಗಿದರು. "ಅಯ್ಯನೋರು ಮಂತ್ರ ಹೇಳ್ಲಿಕ್ಕತ್ತಾರ, ಮದುಮಗಳು ಕೂತಾಳ, ಮದುಮಗ ಇಲ್ಲ. ಎಲ್ಲಿ ಅಂತ ನೋಡಿದ್ರ ಬಾಸಿಂಗ ಕಟಗೊಂಡು ಲೌಡ್‌ಸ್ಪೀಕರ್ ಕಂಬದ ಮ್ಯಾಲ ಕೂತು ವಾಯರು ಕಚ್ಲಿಕ್ಕತ್ತಾನ. ಮಂದಿ ಕೆಳಗಿಂದ ಮ್ಯಾಲೆ ಅಕ್ಷತಾ ಒಗದ್ರು ನೋಡ್ರಿ."

"ಆದ್ರೂ ಮೈಕು ಛಾಲೂ ಆತು," ಎಂದ ಗುಡದಪ್ಪ ತಗ್ಗಿದ ದನಿಯಲ್ಲಿ.

ಉಡಚವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಅಧಿಕಾರಿ ಗಾಬರಿಯಾದರು. ಅವಳು ನಗುತ್ತಿದ್ದಳು. ಆ ನಗೆಯನ್ನು ಗುಡದಪ್ಪ ಕಂಬದ ಮೇಲಿಂದ ಮೊದಲ ಸಲ ಕಂಡಿದ್ದ. ಬಿಸಿಲು, ಹೊಳೆಯ ಗಾಳಿ, ಗುಡಿಯ ಮುಂದೆ ಬೇಯುತ್ತಿದ್ದ ಹುಗ್ಗಿಯ ವಾಸನೆ, ಕೆಳಗೆ ತಲೆಯೆತ್ತಿ ನಗುತ್ತಿದ್ದ ಒಂದು ಮುಖ. ಆ ಕಾಲದ ಮದುವೆಗಳು ಹಾಗೆಯೇ. ಫೋಟೋ ಇರುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಿರಲಿಲ್ಲ.

ಸಹಿಗಳಾದವು. ಅಂಜಿನಪ್ಪ ತಡಮಾಡದೆ ಮಾಲೆ ಕೈಗಿಟ್ಟ. ಅಧಿಕಾರಿಯ ಎದುರು ಬೇಡವೆನ್ನುವುದು ಹೇಗೆಂದು ತಿಳಿಯದೆ ಇಬ್ಬರೂ ಹಾಕಿಕೊಂಡರು. ಕಾಶೀಬಾಯಿ ಅಕ್ಷತೆ ಎರಚಿದರು. ಎರಡು ಕಾಳು ಅಧಿಕಾರಿಯ ಚಹಾದಲ್ಲಿ ಬಿದ್ದವು.

ಮಾಲೆ ತೆಗೆಯಲು ಕಾಶೀಬಾಯಿ ಬಿಡಲಿಲ್ಲವಾಗಿ, ವಿಚ್ಛೇದನದ ಅರ್ಜಿಗೆ ಸಹಿ ಹಾಕಲು ಗಂಡಹೆಂಡಿರು ಮಾಲೆಯಲ್ಲೇ ಕೋರ್ಟಿನ ಕಟ್ಟೆಗೆ ಹೋದರು. ಗುರುರಾಜ ವಕೀಲರು ಕಾಗದ ತಿರುಗಿಸಿ ನೋಡಿ, "ಈಗ ನೋಡು, ಪಕ್ಕಾ ಪುರಾವಾ," ಎಂದು ಮೆಚ್ಚಿದರು. ಯಾವ ಕಾಯ್ದೆಯಡಿ ರಿಜಿಸ್ಟರ್ ಆಗಿದೆಯೆಂದು ಅರ್ಜಿಯಲ್ಲಿ ಬರೆಯಲು ಪುಸ್ತಕ ತೆರೆದರು. ಓದುತ್ತ ಓದುತ್ತ ಬೆರಳು ಒಂದು ಕಡೆ ನಿಂತಿತು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ಗುಡದಪ್ಪಾ, ಸಣ್ಣದೊಂದು ತೊಡಕದ. ಈ ಕಾಯ್ದೆದಾಗ ರಿಜಿಸ್ಟರ್ ಆದ ದಿನದಿಂದ ಒಂದು ವರ್ಷ ಸೋಡಚೀಟಿ ಅರ್ಜಿ ಹಾಕಾಕ ಬರೂದಿಲ್ಲ."

"ನಮ್ಮ ಮದುವಿ ಆಗಿ ಹದಿನಾಲ್ಕು ವರ್ಷ ಆತಲ್ರಿ."

"ಅದಕ್ಕ ಪುರಾವಾ ಇರಲಿಲ್ಲಲ್ಲೋ. ಪುರಾವಾ ಇರೂದು ಇವತ್ತಿಂದು."

"ರಿಜಿಸ್ಟರ್ ಮಾಡಸು ಅಂದಾವ್ರು ನೀವ ಅಲ್ರಿ?"

"ಅಂದೆ, ಖರೆ," ಎಂದು ವಕೀಲರು ತಪ್ಪು ಪುಸ್ತಕದ್ದೇ ಎಂಬಂತೆ ಅದನ್ನು ದೂರ ಸರಿಸಿದರು.

ಉಡಚವ್ವ ಮಾಲೆ ಸರಿಪಡಿಸಿಕೊಂಡಳು. "ವಕೀಲ ಸಾಹೇಬ್ರ, ಅಲ್ಲಿತನಕ ನನ್ನ ಉಣ್ಣೂ ಉಡೂ ಖರ್ಚು ಯಾರದ್ರಿ?"

"ಗಂಡಂದು."

"ನಿನ್ನೆ ಬಂದು ಕೇಳಿದ್ರ?"

"ನಿನ್ನೆ ಕೇಳಿದ್ರ, ಈಕಿ ಯಾರೋ ನಮಗ ಗುರ್ತಿಲ್ಲ ಅಂತ ನಾ ವಾದ ಮಾಡಬಹುದಿತ್ತು. ಈಗ ಬರೂದಿಲ್ಲವಾ, ಸರಕಾರದ ಸಿಕ್ಕಾ ಬಿದ್ದದ."

"ಮನಿ?"

"ಹೆಂಡ್ತಿ ಅಂದಮ್ಯಾಲ ಮನ್ಯಾಗ ಇರೂ ಹಕ್ಕು ಇದ್ದದ್ದ."

ಗುಡದಪ್ಪ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದ. ನಿನ್ನೆಯವರೆಗೆ ಕೋರ್ಟಿನ ಕಣ್ಣಿಗೆ ಅವನು ಬ್ರಹ್ಮಚಾರಿ. ಯಾರಿಗೂ ಏನೂ ಕೊಡದೆ ಮನೆಯಲ್ಲಿ ಕಾಲು ಚಾಚಿ ಮಲಗಬಹುದಾಗಿತ್ತು. ಒಂದು ತಿಂಗಳು ಓಡಾಡಿ, ಬಸ್ ಚಾರ್ಜು ಕೊಟ್ಟು, ಸಾಕ್ಷಿ ಕರೆತಂದು, ತನ್ನ ಕೊರಳಿಗೆ ತಾನೇ ಗಂಟು ಹಾಕಿಕೊಂಡಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸು, ಬ್ಯಾಡಗಿ ಬಸ್ಸು ಅಕ್ಕಪಕ್ಕ ನಿಂತಿದ್ದವು. ಉಡಚವ್ವ ನೇರ ಹೋಗಿ ಬ್ಯಾಡಗಿ ಬಸ್ಸು ಹತ್ತಿ ಕಾಶೀಬಾಯಿಯ ಪಕ್ಕ ಕೂತಳು.

"ಕಾಶಕ್ಕಾ," ಗುಡದಪ್ಪ ಕೆಳಗಿನಿಂದ ಹೇಳಿದ, "ಆಕೀಗೆ ಹೇಳ್ರಿ, ಕರ್ಜಗಿಗೆ ಹೋಗಾಕ ಆ ಬಸ್ಸು ಹತ್ತಬೇಕು."

ಎರಡು ವರ್ಷದಲ್ಲಿ ಮೊದಲ ಸಲ ಉಡಚವ್ವ ನೇರವಾಗಿ ಅವನ ಮುಖ ನೋಡಿದಳು.

"ಮದುವಿ ದಿವಸ ಮದುಮಗಳು ತವರಿಗೆ ಹೋಗೂದು ಯಾವ ಊರ ಪದ್ಧತಿರಿ?"

ಮೂವರು ಸಾಕ್ಷಿಗಳೂ ಒಟ್ಟಿಗೆ ತಲೆಯಾಡಿಸಿದರು. ಅಂಥ ಪದ್ಧತಿ ಯಾವ ಊರಲ್ಲೂ ಇರಲಿಲ್ಲ. "ಮನಿ ತುಂಬಿಸಿಕೊಳ್ಳಾಕ ಅಕ್ಕಿ ಸೇರು ನಮ್ಮ ಮನಿಯಿಂದ ತರ್ತೀನಿ ಬಿಡು," ಎಂದರು ಕಾಶೀಬಾಯಿ.

ಬಸ್ಸು ಹೊರಟಿತು. ಕಂಡಕ್ಟರ್ ಮಾಲೆ ಹಾಕಿಕೊಂಡ ಇಬ್ಬರನ್ನೂ ನೋಡಿ ನಕ್ಕು, ಟಿಕೀಟು ಎಷ್ಟೆಂದು ಕೇಳಿದ.

"ಐದು," ಎಂದ ಶಮಶೇರಸಾಬ, ಗುಡದಪ್ಪನ ಕಿಸೆಯ ಕಡೆ ಬೆರಳು ತೋರಿಸುತ್ತ. "ಎಲ್ಲಾ ಮದುಮಗಂದು."