ವಿಮೆಗಾಗಿ ತಿಂದ ಮಿರ್ಚಿ

ನನಗೆ ಎಲ್ಲವನ್ನೂ ಬರೆದಿಡುವ ಚಟವಿದೆ. ಬಸ್ಸು ತಡವಾಗಿ ಬಂದದ್ದು, ಹಲ್ಲುಜ್ಜುವ ಬ್ರಶ್ ಬದಲಿಸಿದ್ದು, ತಲೆನೋವು ಬಂದದ್ದು, ಹೋದದ್ದು ಎಲ್ಲಕ್ಕೂ ನನ್ನ ದಿನಚರಿಯಲ್ಲಿ ತಾರೀಖು ಇದೆ. ಇಂಥ ಶಿಸ್ತು ಮನುಷ್ಯನನ್ನು ಕಾಯುತ್ತದೆ ಎಂದು ನಂಬಿದ್ದೆ. ಆರೋಗ್ಯ ವಿಮೆ ಆರಿಸಲು ಹೊರಟ ಮೇಲೆ ಆ ನಂಬಿಕೆಯೂ ದಣಿದು ಕೂತಿದೆ.

ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ನನ್ನದು ಗುತ್ತಿಗೆ ನೌಕರಿ. ವಯಸ್ಸು ಮೀರಿತೆಂದು ಅಪ್ಪನ ವಿಮೆಯಿಂದ ನನ್ನ ಹೆಸರು ಹೊರಬಿದ್ದಿತ್ತು. ಅದೇ ಸುಮಾರಿಗೆ ಗೆಳೆಯನೊಬ್ಬ ಅಪೆಂಡಿಕ್ಸ್ ಆಪರೇಷನ್‌ಗಾಗಿ ಬೈಕು ಮಾರಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ನಡೆದುಬಂದ. ನಾನು ಹೆದರಿದೆ. ದೋರನಹಳ್ಳಿಯ ಶರಣಪ್ಪ ಮಾಮಾನಿಗೆ ಫೋನ್ ಮಾಡಿದೆ. ಅವ್ವನ ತಮ್ಮ, ವಿಮೆ ಏಜೆಂಟ್.

ಮಾಮಾ ಭೇಟಿಯಾಗುತ್ತಿದ್ದುದು ಶಹಾಪುರ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ. ಮಿರ್ಚಿ ಭಜಿ ಬರುವ ತನಕ ಅವನು ಚೀಲ ಬಿಚ್ಚುವುದಿಲ್ಲ.

“ಬಾಯಾಗ ಖಾರ ಇಲ್ದ ಮಾತು ಹ್ಯಾಂಗ ಆಡೋದು ಅಳಿಯಾ? ತಿನ್ನು.”

“ಎರಡು ಸಾಕು ಮಾಮಾ.”

“ತಮ್ಮ ನನ್ನ ಮಗನ್ನ ಉಪಾಸ ಕಳಸ್ಯಾನ ಅಂತ ಅಕ್ಕ ಬೈತಾಳ. ತಿನ್ನೋ!”

ಒಂದು ಯೋಜನೆಯಲ್ಲಿ ಆಸ್ಪತ್ರೆ ಕೋಣೆಯ ಬಾಡಿಗೆಗೆ ಮಿತಿ, ಇನ್ನೊಂದರಲ್ಲಿ ಹಳೆಯ ಕಾಯಿಲೆಗೆ ಹಣ ಸಿಗಲು ಕಾಯುವ ಅವಧಿ ಹೆಚ್ಚು, ಮತ್ತೊಂದನ್ನು ಒಪ್ಪುವ ಆಸ್ಪತ್ರೆಯೇ ಯಾದಗಿರಿಯಲ್ಲಿ ಇಲ್ಲ. ನಾನು ಪಟ್ಟಿ ಮಾಡಿಕೊಂಡು ಬರುತ್ತಿದ್ದೆ. ಮಾಮಾ ಹೊಸ ಯೋಜನೆ ತರುತ್ತಿದ್ದ. ಹೀಗೆ ಹನ್ನೊಂದು ಭೇಟಿ. ಕೊನೆಗೆ ಆರಿಸಿದ್ದು ಮೊದಲ ದಿನ ತೋರಿಸಿದ್ದನ್ನೇ.

ಅರ್ಜಿ ತುಂಬಲು ಮಾಮಾ ಮನೆಗೆ ಬಂದ. ಅವ್ವ ಮಂಡಕ್ಕಿ ಒಗ್ಗರಣೆಯ ಸುಸಲಾ ಕೊಟ್ಟಳು. ‘ಈ ಹಿಂದೆ ಯಾವುದಾದರೂ ತೊಂದರೆ ಇತ್ತೇ?’ ಎಂಬಲ್ಲಿ ಮಾಮಾ ‘ಇಲ್ಲ’ ಎಂದು ಗುರುತು ಹಾಕಲು ಪೆನ್ನು ಊರಿದ.

“ಹೊಟ್ಟಿನೋವು. ಒಂಬತ್ತು ಸಲ,” ಎಂದೆ.

“ಲೇ, ಹೊಟ್ಟಿನೋವು ಯಾರಿಗಿಲ್ಲೋ? ಸುಮ್ನ ಕುಂದ್ರು.”

“ಮುಚ್ಚಿಟ್ರ ಮುಂದ ಬಿಲ್ ಕೊಡಂಗಿಲ್ಲ ಅಂತ ನೀನ ಹೇಳಿದ್ದಿ.”

ಮಾಮಾ ಅವ್ವನ ಮುಖ ನೋಡಿದ. ಅವ್ವ ಹೆಮ್ಮೆಯಿಂದ ನನ್ನ ದಿನಚರಿ ತಂದುಕೊಟ್ಟಳು. ಒಂಬತ್ತು ತಾರೀಖೂ ಅರ್ಜಿಗೆ ಏರಿದವು.

ಪಾಲಿಸಿ ಬಂತು. ಕೈಕಾಲು, ಕಣ್ಣು, ಹೃದಯ, ಎಲ್ಲಕ್ಕೂ ರಕ್ಷಣೆ. ಹೊಟ್ಟೆಗೆ ಮಾತ್ರ ಎರಡು ವರ್ಷ ಕಾಯಬೇಕು. ನನ್ನನ್ನು ಹೆದರಿಸಿದ್ದೇ ಹೊಟ್ಟೆ.

ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹೊಟ್ಟೆನೋವಿನ ತಾರೀಖುಗಳನ್ನು ಭೇಟಿಯ ತಾರೀಖುಗಳ ಪಕ್ಕ ಬರೆದೆ. ಒಂಬತ್ತೂ ಭೇಟಿಯ ಮರುದಿನವೇ! ನೋವು ಬರದ ಎರಡು ಭೇಟಿಗಳಲ್ಲಿ ಒಂದು ದಿನ ಹೋಟೆಲ್ ಮುಚ್ಚಿತ್ತು. ಇನ್ನೊಂದು ದಿನ ನನ್ನದು ಶ್ರಾವಣ ಸೋಮವಾರದ ಉಪವಾಸ.

ಶಹಾಪುರಕ್ಕೆ ಓಡಿಹೋಗಿ ಮಾಮಾನಿಗೆ ದಿನಚರಿ ತೋರಿಸಿದೆ. ಅವನು ಎರಡು ಸಲ ಓದಿ ನಿಟ್ಟುಸಿರು ಬಿಟ್ಟ. “ಇದನ್ನ ಮೊದಲ ಹೇಳಬಾರದೇನೋ? ಇರ್ಲಿ, ಕಂಪನಿಗೆ ಒಂದು ಪತ್ರ ಬರಿಯೋಣು. ಬಾ, ಕುಂತು ಮಾತಾಡೋಣು.”

ಹೋಟೆಲಿನವನಿಗೆ ಆಗಲೇ ಎರಡು ಬೆರಳು ತೋರಿಸಿದ್ದ: ಎರಡು ಪ್ಲೇಟ್ ಮಿರ್ಚಿ. ನಾನು ಮರುದಿನದ ಪುಟ ತೆರೆದು ಮುಂಚಿತವಾಗಿಯೇ ಬರೆದಿಟ್ಟೆ: ಹೊಟ್ಟೆನೋವು, ಹತ್ತನೆಯದು.